ಎನೊಶಿಮಾಕ್ಕೆ ಹೋದವರು ದೇವಿಯನ್ನು ನೋಡದೆ ಬರಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಪ್ರವಾಸ ಪುರವಣಿಯಲ್ಲಿ ಜಪಾನಿನ ಎನೊಶಿಮಾ ದ್ವೀಪದ ಬಗ್ಗೆ ಬಂದ ಬರಹವನ್ನು ಓದಿದೆವು. ಪ್ರೇಮಿಗಳು ಗಂಟೆ ಬಾರಿಸಿ ಬೀಗ ಹಾಕುವ ಜಾಗ, ಜತೆಗೊಂದು 'ಜಪಾನಿ ಸರಸ್ವತಿ ದೇವಸ್ಥಾನ' ಎಂಬಲ್ಲಿಗೆ ಅದು ಮುಗಿದಿದೆ. ಬರೆದದ್ದು ಸುಳ್ಳಲ್ಲ. ಆದರೆ ಅಷ್ಟನ್ನೇ ನಂಬಿ ಹೋದವರು ಎಸ್ಕಲೇಟರ್ ಹತ್ತಿ, ಗಂಟೆಯ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಹಿಂದಿರುಗುತ್ತಾರೆ. ದೇವಿಯ ವಿಗ್ರಹ ಇರುವ ಮಂಟಪವನ್ನೂ, ಕ್ಷೇತ್ರದ ಮೂಲವಾದ ಗುಹೆಯನ್ನೂ ನೋಡಿರುವುದಿಲ್ಲ. ಬೆಂಗಳೂರಿನಿಂದ ನರಿತಾಕ್ಕೆ ನೇರ ವಿಮಾನ ಬಂದ ಮೇಲೆ ಟೋಕಿಯೊಗೆ ಬರುವ ಕನ್ನಡಿಗರು ಹೆಚ್ಚಿದ್ದಾರೆ. ಅವರಲ್ಲಿ ಅನೇಕರಿಗೆ ಒಂದು ದಿನದ ಬಿಡುವು ಸಿಕ್ಕರೆ ಹೋಗುವುದು ಇಲ್ಲಿಗೇ. ಹಾಗಾಗಿ ಆ ಬರಹದಲ್ಲಿ ಬಿಟ್ಟುಹೋದದ್ದನ್ನು ತುಸು ವಿವರವಾಗಿಯೇ ಬರೆಯುತ್ತಿದ್ದೇವೆ.

ಎನೊಶಿಮಾ ಇರುವುದು ಕಾನಾಗಾವಾ ಪ್ರಾಂತ್ಯದ ಫುಜಿಸಾವಾ ನಗರದಲ್ಲಿ, ಸಾಗಾಮಿ ಕೊಲ್ಲಿಯ ದಡಕ್ಕೆ ಅಂಟಿಕೊಂಡಂತೆ. ಸುತ್ತಳತೆ ಸುಮಾರು 4 ಕಿ.ಮೀ., ಎತ್ತರ ಸುಮಾರು 60 ಮೀಟರ್. ಚಿಕ್ಕ ಗುಡ್ಡವೇ. ಅದರ ಕಥೆ ಮಾತ್ರ ದೊಡ್ಡದು. 1047ರಲ್ಲಿ ಕೋಕೆಯಿ ಎಂಬ, ಬೌದ್ಧರ ತೆಂದೈ ಪಂಥದ ಭಿಕ್ಷು ಬರೆದನೆನ್ನುವ 'ಎನೊಶಿಮಾ ಎಂಗಿ' ಎಂಬ ಸ್ಥಳಪುರಾಣದಲ್ಲಿ ಅದು ಬರುತ್ತದೆ. ಎದುರಿನ ನೆಲದಲ್ಲಿದ್ದ ದೊಡ್ಡ ಕೆರೆಯೊಂದರಲ್ಲಿ ಐದು ತಲೆಯ ನಾಗ ವಾಸವಾಗಿತ್ತು. ಪ್ರವಾಹ, ಬೆಂಕಿಮಳೆ, ರೋಗ, ಎಲ್ಲವೂ ಅದರ ಕಾಟವೇ. ತ್ಸುಮುರಾ ಎಂಬ ಊರಿನ ಸಾಹುಕಾರನ 16 ಮಕ್ಕಳನ್ನೂ ಅದು ನುಂಗಿತ್ತು. 552ನೇ ಇಸವಿಯ ನಾಲ್ಕನೆಯ ತಿಂಗಳಲ್ಲಿ ಸಮುದ್ರದ ಮೇಲೆ ಕರಿಮೋಡ ಕವಿದು, ಹತ್ತು ದಿನಕ್ಕೂ ಮಿಕ್ಕಿ ನೆಲ ನಡುಗಿ, ಕೊನೆಗೆ ನೀರಿನಿಂದ ಒಂದು ದ್ವೀಪ ಎದ್ದು ಬಂತು. ಆ ದ್ವೀಪಕ್ಕೆ ಬೆಂಜೈತೆನ್ ದೇವಿ ಇಳಿದಳು. ನಾಗ ಅವಳಿಗೆ ಮನಸೋತು ಮದುವೆಯ ಮಾತೆತ್ತಿತು. 'ಮಕ್ಕಳನ್ನು ತಿಂದವನ ಕೈ ಹಿಡಿಯಲಾರೆ' ಎಂದು ಅವಳು ನಿರಾಕರಿಸಿದಳು. ಇನ್ನು ಮುಂದೆ ಯಾರಿಗೂ ಕೇಡು ಮಾಡುವುದಿಲ್ಲ, ಜನರನ್ನು ಕಾಯುತ್ತೇನೆ ಎಂದು ನಾಗ ಮಾತು ಕೊಟ್ಟ ಮೇಲೆಯೇ ಒಪ್ಪಿದಳು. ಆಮೇಲೆ ಅದು ಬರಗಾಲದಲ್ಲಿ ಮಳೆ ತರಿಸಿತು, ನುಗ್ಗಿ ಬಂದ ಸಮುದ್ರವನ್ನು ಹಿಂದಕ್ಕಟ್ಟಿತು. ಒಂದೊಂದು ಸಲ ಹಾಗೆ ಮಾಡಿದಾಗಲೂ ಬಲಗುಂದುತ್ತ ಬಂದು, ಕಡೆಗೆ ದ್ವೀಪಕ್ಕೆ ಎದುರಾಗಿ ಗುಡ್ಡವಾಗಿ ಮಲಗಿತು.

ಎನೊಶಿಮಾ ಪ್ರೇಮಿಗಳ ಕ್ಷೇತ್ರ ಎನಿಸಿಕೊಂಡಿರುವುದು ಈ ಕಥೆಯಿಂದ. ಇಲ್ಲಿ ಹೆಣ್ಣು ಷರತ್ತು ಹಾಕುತ್ತಾಳೆ, ಗಂಡು ಅದನ್ನು ಕೊನೆಯವರೆಗೂ ಪಾಲಿಸುತ್ತದೆ. ಗಂಟೆಯೂ ಬೀಗವೂ ಬಂದದ್ದು ತೀರ ಇತ್ತೀಚೆಗೆ. 'ರ್ಯೂರೆನ್ ನೊ ಕಾನೆ' ಎಂಬ ಆ ನಾಗಪ್ರೇಮದ ಗಂಟೆಯನ್ನು ಕಟ್ಟಿದ್ದು 1996ರಲ್ಲಿ. ಪುರವಣಿಯ ಬರಹ ಗಂಟೆಗೆ ಮೂರು ಪ್ಯಾರಾ ಕೊಟ್ಟು ನಾಗನನ್ನು ಹೆಸರಿಸದೇ ಬಿಟ್ಟದ್ದು ನಮಗೆ ನಿಜಕ್ಕೂ ಬೇಸರ ತಂದಿತು.

ಇನ್ನು 'ಸರಸ್ವತಿ ದೇವಸ್ಥಾನ' ಎಂಬ ಮಾತು. ಬೆಂಜೈತೆನ್ ನಮ್ಮ ಸರಸ್ವತಿಯೇ, ಅದರಲ್ಲಿ ಅನುಮಾನವಿಲ್ಲ. ಸುವರ್ಣಪ್ರಭಾಸ ಸೂತ್ರವೆಂಬ ಬೌದ್ಧ ಗ್ರಂಥದಲ್ಲಿ ಸರಸ್ವತಿಗೆ ಮೀಸಲಾದ ಅಧ್ಯಾಯವಿದೆ. 703ರಲ್ಲಿ ಚೀನೀ ಭಿಕ್ಷು ಯಿಜಿಂಗ್ ಮಾಡಿದ ಅದರ ಚೀನೀ ಅನುವಾದದ ಮೂಲಕ ಅವಳು ಎಂಟು ತೋಳಿನ, ಆಯುಧ ಹಿಡಿದ ರಾಷ್ಟ್ರರಕ್ಷಕಿಯಾಗಿ ಜಪಾನಿನಲ್ಲಿ ನೆಲೆಯಾದಳು. ಆದರೆ ಈಗ ದ್ವೀಪದಲ್ಲಿರುವುದು ಜಪಾನಿನ ಮೂಲಧರ್ಮವಾದ ಶಿಂತೊದ ಕ್ಷೇತ್ರ. ಅದರ ಮೂರು ಗುಡಿಗಳಲ್ಲಿ ಇರುವವರು ಮೂವರು ಅಕ್ಕತಂಗಿಯರು: ಹೆತ್ಸುಮಿಯಾದಲ್ಲಿ ತಾಗಿತ್ಸುಹಿಮೆ, ನಕತ್ಸುಮಿಯಾದಲ್ಲಿ ಇಚಿಕಿಶಿಮಾಹಿಮೆ, ಒಕುತ್ಸುಮಿಯಾದಲ್ಲಿ ತಾಕಿರಿಹಿಮೆ. 712ರ 'ಕೊಜಿಕಿ' ಎಂಬ ಪುರಾಣಗ್ರಂಥದ ಪ್ರಕಾರ ಸೂರ್ಯದೇವಿ ಅಮಾತೆರಾಸು ತನ್ನ ತಮ್ಮ ಸುಸಾನೊನ ಕತ್ತಿಯನ್ನು ಮೂರು ತುಂಡು ಮಾಡಿ, ಬಾವಿಯ ನೀರಿನಲ್ಲಿ ತೊಳೆದು, ಅಗಿದು ಉಸಿರು ಬಿಟ್ಟಾಗ ಆ ಮಂಜಿನಿಂದ ಹುಟ್ಟಿದವರು ಇವರು. ಕಡಲ ಪಯಣಿಗರನ್ನು ಕಾಯುವ ಹೆಣ್ಣುದೇವರುಗಳು. ಬೌದ್ಧರ ಬೆಂಜೈತೆನ್ ಮತ್ತು ಈ ಮೂವರು ಒಂದೇ ಎಂದು ಜನ ನೂರಾರು ವರ್ಷ ನಂಬಿ ನಡೆದುಕೊಂಡರು. 1868ರಲ್ಲಿ ಮೆಯಿಜಿ ಸರ್ಕಾರ ಬೌದ್ಧ ದೇವರುಗಳನ್ನೂ ಶಿಂತೊ ದೇವರುಗಳನ್ನೂ ಬೇರ್ಪಡಿಸಬೇಕೆಂದು ಆಜ್ಞೆ ಹೊರಡಿಸಿತು. ದ್ವೀಪದ ಬೌದ್ಧ ಕಟ್ಟಡಗಳು ಹೋದವು, ಮೂರಂತಸ್ತಿನ ಗೋಪುರವನ್ನೂ ಕೆಡವಿದರು. ಬೆಂಜೈತೆನ್ ವಿಗ್ರಹಗಳು ಮುಖ್ಯ ಗುಡಿಯಲ್ಲಿಲ್ಲದೆ ಪಕ್ಕದ ಮಂಟಪದಲ್ಲಿ ಇರುವುದಕ್ಕೆ ಕಾರಣ ಇದು. ಈ ಹಿನ್ನೆಲೆ ಗೊತ್ತಿಲ್ಲದವರು ಹೆತ್ಸುಮಿಯಾದ ಮುಂದೆ ನಿಂತು ವೀಣೆ ಹಿಡಿದ ಸರಸ್ವತಿಯನ್ನು ಹುಡುಕುತ್ತಾರೆ, ಕಾಣದೆ ಮುಂದೆ ಹೋಗುತ್ತಾರೆ. ಪಕ್ಕದ ಮಂಟಪದ ಬಾಗಿಲು ಅವರ ಕಣ್ಣಿಗೆ ಬೀಳುವುದೇ ಇಲ್ಲ.

ಹೋಗುವ ದಾರಿಯ ಬಗ್ಗೆ. ಟೋಕಿಯೊ ಸ್ಟೇಷನ್ನಿನಿಂದ ಜೆಆರ್ ತೊಕಾಯಿದೊ ಮಾರ್ಗದಲ್ಲಿ ಫುಜಿಸಾವಾಕ್ಕೆ ಸುಮಾರು 50 ನಿಮಿಷ. ಅಲ್ಲಿಂದ ಓದಾಕ್ಯೂ ರೈಲಿನಲ್ಲಿ ಕತಾಸೆ-ಎನೊಶಿಮಾಕ್ಕೆ ಏಳೆಂಟು ನಿಮಿಷ. ಶಿಂಜುಕುದಿಂದ ಹೊರಡುವವರಿಗೆ ಓದಾಕ್ಯೂ ಅಗ್ಗ. ಆದರೆ ಒಂದು ಎಚ್ಚರಿಕೆ: ಎನೊಶಿಮಾ ಮಾರ್ಗ ಸಾಗಾಮಿ-ಓನೊದಲ್ಲಿ ಕವಲೊಡೆಯುತ್ತದೆ. ಓದಾವಾರಾ ಎಂದು ಬೋರ್ಡಿರುವ ರೈಲಿನಲ್ಲಿ ಕೂತವರು ಅಲ್ಲಿ ಇಳಿದು ಬದಲಿಸದಿದ್ದರೆ ಬೇರೆ ದಿಕ್ಕಿಗೆ ಹೋಗಿಬಿಡುತ್ತಾರೆ. ಸಾಮಾನ್ಯ ರೈಲಿನಲ್ಲಿ ಬಂದವರು ಫುಜಿಸಾವಾದಲ್ಲಿ ಇನ್ನೊಮ್ಮೆ ಬದಲಿಸಬೇಕಾಗಬಹುದು. ಕಾಮಕುರಾ ನೋಡಿಕೊಂಡು ಬರುವವರಿಗೆ ಎನೊದೆನ್ ಇದೆ. ಅದು 10 ಕಿ.ಮೀ. ಉದ್ದದ ಪುಟ್ಟ ರೈಲು, ಸಮುದ್ರದ ಅಂಚಿನಲ್ಲೇ ಓಡುತ್ತದೆ. ಭಾನುವಾರ ಮಧ್ಯಾಹ್ನ ಅದರಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಓಫುನಾದಿಂದ ಬರುವ ಶೋನನ್ ಮಾನೊರೈಲ್ ಹಳಿಯ ಕೆಳಗೆ ತೂಗಿಕೊಂಡು ಓಡುವಂಥದು. 6.6 ಕಿ.ಮೀ. ದೂರಕ್ಕೆ 14 ನಿಮಿಷ, ಎನೊದೆನ್‌ನಷ್ಟು ನೂಕುನುಗ್ಗಲು ಇರುವುದಿಲ್ಲ. ನರಿತಾ ಎಕ್ಸ್‌ಪ್ರೆಸ್‌ನ ಕೆಲವು ರೈಲುಗಳು ಓಫುನಾದವರೆಗೂ ಬರುತ್ತವೆ. ಯಾವ ಸ್ಟೇಷನ್ನಿನಲ್ಲಿ ಇಳಿದರೂ ದ್ವೀಪಕ್ಕೆ 15ರಿಂದ 20 ನಿಮಿಷ ನಡಿಗೆ. ಕಾಲ್ನಡಿಗೆಯ ಸೇತುವೆಯ ಉದ್ದ 389 ಮೀಟರ್. ಗಾಳಿ ಜೋರಾಗಿರುವ ದಿನ ಅದರ ಮೇಲೆ ಕೊಡೆ ನಿಲ್ಲುವುದಿಲ್ಲ, ಮಳೆಗಾಲವಾದರೆ ರೇನ್‌ಕೋಟೇ ತನ್ನಿ.

ಸೇತುವೆ ದಾಟುತ್ತಲೇ ಹಸಿರು ಬಣ್ಣಕ್ಕೆ ತಿರುಗಿದ ಕಂಚಿನ ತೊರಿಯಿ, ಅಂದರೆ ಕ್ಷೇತ್ರದ ಹೆಬ್ಬಾಗಿಲು. 1821ರಲ್ಲಿ ಮತ್ತೆ ನಿಲ್ಲಿಸಿದ್ದು. ಅದರಾಚೆ ಇಕ್ಕಟ್ಟಾದ ಅಂಗಡಿ ಬೀದಿ. ಅದರ ತುದಿಯಲ್ಲಿ ಕೆಂಪು ತೊರಿಯಿ, ಅಲ್ಲೇ ಎಸ್ಕಲೇಟರಿನ ಟಿಕೆಟ್ ಕಿಟಕಿ. 1959ರಲ್ಲಿ ಕಟ್ಟಿದ ಈ ಎಸ್ಕಲೇಟರು ಒಟ್ಟು 106 ಮೀಟರ್ ಉದ್ದ, 46 ಮೀಟರ್ ಎತ್ತರಕ್ಕೆ ಏರುತ್ತದೆ. ಇಪ್ಪತ್ತು ನಿಮಿಷದ ಹತ್ತುವಿಕೆ ಐದಾರು ನಿಮಿಷಕ್ಕೆ ಮುಗಿಯುತ್ತದೆ. ಆದರೆ ಅದು ಹತ್ತುವುದಕ್ಕೆ ಮಾತ್ರ. ಇಳಿಯುವ ಎಸ್ಕಲೇಟರ್ ಇಡೀ ದ್ವೀಪದಲ್ಲಿಲ್ಲ. ಅಪ್ಪ ಅಮ್ಮನನ್ನು ಕರೆದುಕೊಂಡು ಬರುವವರು ಇದನ್ನು ಮೊದಲೇ ತಿಳಿದಿರಬೇಕು. ಮಂಡಿನೋವಿದ್ದವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ.

ಕಾಲು ಗಟ್ಟಿಯಿದ್ದವರು ಹೆತ್ಸುಮಿಯಾವರೆಗಾದರೂ ಮೆಟ್ಟಿಲು ಹತ್ತಿ ಹೋಗುವುದು ಒಳ್ಳೆಯದು. ಎಸ್ಕಲೇಟರಿನಲ್ಲಿ ಹೋದವರಿಗೆ ದಾರಿಯ ಪಕ್ಕದ 'ಫುಕುಇಶಿ' ಎಂಬ ಕಲ್ಲು ತಪ್ಪಿಹೋಗುತ್ತದೆ. ಹದಿನೇಳನೆಯ ಶತಮಾನದ ಸುಗಿಯಾಮಾ ವಾಯಿಚಿ ಎಂಬ ಕುರುಡ ವೈದ್ಯ ಇಲ್ಲಿ ಉಪವಾಸವಿದ್ದು ದೇವಿಯನ್ನು ಬೇಡಿ, ಹಿಂದಿರುಗುವಾಗ ಈ ಕಲ್ಲಿಗೆ ಎಡವಿ ಬಿದ್ದನಂತೆ. ಆಗ ಕೈಗೆ ಚುಚ್ಚಿದ್ದು ಸುರುಳಿಯಾದ ಎಲೆಯೊಳಗಿದ್ದ ಪೈನ್ ಮರದ ಸೂಜಿ. ಕೊಳವೆಯೊಳಗೆ ಸೂಜಿಯಿಟ್ಟು ಚುಚ್ಚುವ ಜಪಾನಿ ಅಕ್ಯುಪಂಕ್ಚರ್ ವಿಧಾನ ಅವನಿಗೆ ಹೊಳೆದದ್ದು ಅದರಿಂದ ಎನ್ನುತ್ತಾರೆ. ಅವನ ಸಮಾಧಿಯೂ ದ್ವೀಪದಲ್ಲೇ ಇದೆ.

ಗುಡಿಯ ಮುಂದೆ ನಡೆದುಕೊಳ್ಳುವ ರೀತಿ ಕಷ್ಟದ್ದೇನಲ್ಲ. ನೀರಿನ ತೊಟ್ಟಿಯಲ್ಲಿ ಸೌಟಿದ್ದರೆ ಅದರಿಂದ ಮೊದಲು ಎಡಗೈ, ಆಮೇಲೆ ಬಲಗೈ ತೊಳೆದು, ಎಡ ಅಂಗೈಗೆ ನೀರು ಹಾಕಿಕೊಂಡು ಬಾಯಿ ಮುಕ್ಕಳಿಸಿ, ಮತ್ತೆ ಎಡಗೈ ತೊಳೆಯಬೇಕು. ಸೌಟನ್ನು ಬಾಯಿಗೆ ತಾಗಿಸಬಾರದು, ನೀರು ತೊಟ್ಟಿಯೊಳಗೆ ಹಿಂದಕ್ಕೆ ಬೀಳಬಾರದು. ಪೆಟ್ಟಿಗೆಗೆ ನಾಣ್ಯ ಹಾಕಿ, ಎರಡು ಸಲ ಬಾಗಿ, ಎರಡು ಚಪ್ಪಾಳೆ ತಟ್ಟಿ, ಕೈಮುಗಿದು ಬೇಡಿಕೊಂಡು, ಮತ್ತೊಮ್ಮೆ ಬಾಗಿದರೆ ಆಯಿತು. ಸಂಬಂಧ ಕೂಡಿಬರಲಿ ಎನ್ನುವವರು 5 ಯೆನ್ ನಾಣ್ಯ ಹಾಕುತ್ತಾರೆ. ಹೊರಗೇ ನಿಂತು ನಮಸ್ಕರಿಸುವುದರಿಂದ ಚಪ್ಪಲಿ ಬಿಡಬೇಕಾಗಿಲ್ಲ. ತೆಂಗಿನಕಾಯಿ, ಕರ್ಪೂರ, ಊದುಬತ್ತಿ, ಕುಂಕುಮ ಯಾವುದನ್ನೂ ತರಬೇಡಿ. ಕಲ್ಲಿಗೆ, ಮರಕ್ಕೆ ಕುಂಕುಮ ಹಚ್ಚುವುದನ್ನಂತೂ ದಯವಿಟ್ಟು ಮಾಡಬೇಡಿ.

ಹೆತ್ಸುಮಿಯಾ 1206ರಲ್ಲಿ ಶೋಗನ್, ಅಂದರೆ ಸೇನಾಡಳಿತಗಾರ, ಮಿನಾಮೊತೊ ನೊ ಸಾನೆತೊಮೊ ಕಟ್ಟಿಸಿದ್ದು, ಈಗಿನ ಕಟ್ಟಡ 1976ರದು. ಅದಕ್ಕೆ ಎದುರಾಗಿ ನಿಂತರೆ ಎಡಗಡೆ ಎಂಟು ಮೂಲೆಯ ಚಿಕ್ಕ ಮಂಟಪ. ಅದೇ ಹೋಆನ್‌ದೆನ್. ಪ್ರವೇಶಕ್ಕೆ 200 ಯೆನ್, ಒಳಗೆ ಫೋಟೊ ತೆಗೆಯುವಂತಿಲ್ಲ. ಅಲ್ಲಿರುವ ಎರಡು ವಿಗ್ರಹಗಳನ್ನು ನಿಧಾನವಾಗಿ ನೋಡಬೇಕು. ಮೊದಲನೆಯದು ಹಪ್ಪಿ ಬೆಂಜೈತೆನ್, ಎಂಟು ತೋಳಿನವಳು. 1182ರಲ್ಲಿ ಅವನ ತಂದೆ ಮಿನಾಮೊತೊ ನೊ ಯೊರಿತೊಮೊ ಶತ್ರು ಸಂಹಾರಕ್ಕಾಗಿ ಇವಳನ್ನು ಪ್ರತಿಷ್ಠಾಪಿಸಲು ಹೇಳಿದ ಎಂಬ ಪ್ರತೀತಿಯಿದೆ. ಸೂತ್ರ ಹೇಳುವ ಎಂಟು ಆಯುಧಗಳು ಬಿಲ್ಲು, ಬಾಣ, ಖಡ್ಗ, ಈಟಿ, ಕೊಡಲಿ, ವಜ್ರ, ಚಕ್ರ, ಪಾಶ. ನಮ್ಮ ಕಣ್ಣಿಗೆ ದುರ್ಗೆಯ ಹತ್ತಿರ ಬರುವ ರೂಪ ಇದು. ಪುಸ್ತಕ, ಜಪಮಾಲೆಯ ಶಾರದೆಯನ್ನು ನಿರೀಕ್ಷಿಸಿ ಹೋದವರಿಗೆ ಮೊದಲು ಗುರುತೇ ಸಿಗುವುದಿಲ್ಲ. ಎರಡನೆಯವಳು ಮ್ಯೋಓನ್ ಬೆಂಜೈತೆನ್. ಬೆಳ್ಳಗಿನ ಮೈ, ಕೂತ ಭಂಗಿ, ತೊಡೆಯ ಮೇಲೆ ಬಿವಾ ಎಂಬ ತಂತಿವಾದ್ಯ. ಸಂಗೀತದ ದೇವಿ. ಮೈಮೇಲೆ ಬಟ್ಟೆ ಕೆತ್ತಿಲ್ಲ. ಇದನ್ನು ಕಂಡು ಗಲಿಬಿಲಿಗೊಳ್ಳುವ ನಮ್ಮವರು ಇದ್ದಾರೆ. ಕಾಮಕುರಾ ಕಾಲದಲ್ಲಿ, ಅಂದರೆ ಈ ಶೋಗನ್‌ಗಳ ಆಳ್ವಿಕೆಯ ದಿನಗಳಲ್ಲಿ, ಕೆಲವು ವಿಗ್ರಹಗಳನ್ನು ನಿಜವಾದ ಬಟ್ಟೆ ಉಡಿಸುವುದಕ್ಕೆಂದೇ ಹೀಗೆ ಬರಿಮೈಯಲ್ಲಿ ಕೆತ್ತುತ್ತಿದ್ದರು. ಹತ್ತಿರದ ಕಾಮಕುರಾದ ತ್ಸುರುಗಾಓಕಾ ಹಚಿಮಾನ್ ಗುಡಿಯ 1266ರ ಬೆಂಜೈತೆನ್ ಕೂಡ ಅಂಥದೇ. ಉತ್ಸವಮೂರ್ತಿಗೆ ಸೀರೆಯುಡಿಸಿ ಅಲಂಕಾರ ಮಾಡುವ ನಮಗೆ ಇದು ಅರ್ಥವಾಗದ ಸಂಗತಿಯೇನಲ್ಲ.

ಅಲ್ಲೇ ಪಕ್ಕದಲ್ಲಿ 'ಮುಸುಬಿ ನೊ ಕಿ' ಎಂಬ ಗಿಂಕೊ ಮರವಿದೆ. ಒಂದೇ ಬೇರಿನಿಂದ ಎದ್ದ ಎರಡು ಕಾಂಡ. ಅದರ ಸುತ್ತ ತೂಗುಹಾಕಿರುವ ಗುಲಾಬಿ ಬಣ್ಣದ ಮರದ ಹಲಗೆಗಳನ್ನು ಎಮಾ ಎನ್ನುತ್ತಾರೆ. ಕ್ಷೇತ್ರದ ಕೌಂಟರಿನಲ್ಲಿ ಕೊಂಡು, ಇಬ್ಬರ ಹೆಸರನ್ನೂ ಬರೆದು ಕಟ್ಟಬೇಕು. ಕನ್ನಡದಲ್ಲಿ ಬರೆಯಲು ಯಾವ ಅಡ್ಡಿಯೂ ಇಲ್ಲ. ಪ್ರೀತಿಗೆಂದು ಹರಕೆ ಕಟ್ಟುವವರಿಗೆ ನಾವು ಹೇಳುವುದು ಬೀಗಕ್ಕಿಂತ ಇದು ಮೇಲು ಎಂದೇ. ಹರಕೆ ಗುಡಿಯ ಅಂಗಳದಲ್ಲೇ ಉಳಿಯುತ್ತದೆ.

ನಕತ್ಸುಮಿಯಾ 853ರಲ್ಲಿ ಭಿಕ್ಷು ಎನ್ನಿನ್ ಸ್ಥಾಪಿಸಿದ್ದು, ಈಗಿನ ಕೆಂಪು ಗುಡಿ 1689ರದು. ಅಲ್ಲಿ ಹೂತಿಟ್ಟ ಮಡಕೆಯೊಳಗೆ ನೀರಿನ ಹನಿ ಬಿದ್ದು ನಾದ ಬರುವ ಸುಯಿಕಿನ್‌ಕುತ್ಸು ಇದೆ. ಬಿದಿರಿನ ಕೊಳವೆಗೆ ಕಿವಿಯಿಟ್ಟು ಕೇಳಿ. ಮೇಲೆ ತೋಟ, ದೀಪಸ್ತಂಭ ನೋಡುವುದು ಅವರವರ ಇಷ್ಟ. ಮುಂದೆ ದಾರಿ ಇಳಿದು ಮತ್ತೆ ಏರಿ ಒಕುತ್ಸುಮಿಯಾಕ್ಕೆ ಬರುತ್ತದೆ. 1841ರಲ್ಲಿ ಸುಟ್ಟುಹೋಗಿ ಮರುವರ್ಷ ಮತ್ತೆ ಕಟ್ಟಿದ ಗುಡಿ. ಅದರ ಮುಂದಿನ ಮಂಟಪದ ಮಾಡಿನಲ್ಲಿ ಸಾಕಾಯಿ ಹೋಯಿತ್ಸು ಬರೆದ ಆಮೆಯ ಚಿತ್ರದ ಪ್ರತಿ ಇದೆ. ಯಾವ ದಿಕ್ಕಿನಲ್ಲಿ ನಿಂತರೂ ಅದು ನಿಮ್ಮನ್ನೇ ನೋಡುತ್ತದೆ. ತಲೆಯೆತ್ತಿ ನೋಡದವರಿಗೆ ಅದು ಇದೆಯೆಂಬುದೇ ಗೊತ್ತಾಗುವುದಿಲ್ಲ.

ಗಂಟೆ ಇರುವ 'ಪ್ರೇಮಿಗಳ ಗುಡ್ಡ' ಇದರ ಸಮೀಪದಲ್ಲೇ, ಕವಲುದಾರಿಯ ಕೊನೆಯಲ್ಲಿ, ಸಾಗಾಮಿ ಕೊಲ್ಲಿಗೆ ಮುಖ ಮಾಡಿಕೊಂಡಿದೆ. ಇಬ್ಬರೂ ಸೇರಿ ಹಗ್ಗ ಎಳೆದು ಬಾರಿಸಿ, ಹೆಸರು ಬರೆದ ಬೀಗವನ್ನು ಬೇಲಿಗೆ ಹಾಕುತ್ತಾರೆ. ಉಪ್ಪುಗಾಳಿಗೆ ಬೀಗ ಬೇಗ ತುಕ್ಕು ಹಿಡಿಯುತ್ತದೆ, ಮಾಮೂಲಿ ಪೆನ್ನಿನ ಅಕ್ಷರ ಬಿಸಿಲಿಗೆ ಅಳಿಸಿಹೋಗುತ್ತದೆ. ಹಾಕುವುದೇ ಆದರೆ ಆಯಿಲ್ ಮಾರ್ಕರಿನಲ್ಲಿ ಬರೆಯಿರಿ. ಜೋಡಿಯಾಗಿ ಹೋದರೆ ಬೆಂಜೈತೆನ್ ಅಸೂಯೆಪಟ್ಟು ಬೇರೆ ಮಾಡುತ್ತಾಳೆ ಎಂಬ ನಂಬಿಕೆಯೂ ಜಪಾನಿನಲ್ಲಿದೆ. ಟೋಕಿಯೊದ ಇನೊಕಾಶಿರಾ ಕೊಳದ ಬಗ್ಗೆಯೂ ಇದೇ ಮಾತು. ಎನೊಶಿಮಾದ ಪುರಾಣ ಓದಿದವರು ಅದಕ್ಕೆ ಹೆದರಬೇಕಿಲ್ಲ. ಇಲ್ಲಿ ದೇವಿಯೇ ಮದುವೆಯಾದವಳು.

ಒಕುತ್ಸುಮಿಯಾದ ಆಚೆ ಕಡಿದಾದ ಮೆಟ್ಟಿಲುಗಳನ್ನು ಇಳಿದರೆ ಚಿಗೊಗಫುಚಿ ಎಂಬ ಬಂಡೆಹಾಸು. 1923ರ ಮಹಾ ಕಾಂತೊ ಭೂಕಂಪದಲ್ಲಿ ನೆಲ ಸುಮಾರು ಒಂದು ಮೀಟರ್ ಮೇಲಕ್ಕೆದ್ದು ಕಡಲಿನಿಂದ ಹೊರಬಂದದ್ದು. ಚಳಿಗಾಲದ ಶುಭ್ರ ದಿನಗಳಲ್ಲಿ ಇಲ್ಲಿಂದ ಫುಜಿ ಪರ್ವತ ಕಾಣುತ್ತದೆ. ಅದರ ಪಕ್ಕದಲ್ಲೇ ಇವಾಯಾ ಗುಹೆಗಳು, ಇಡೀ ಕ್ಷೇತ್ರದ ಮೂಲ. 552ರಲ್ಲಿ ಚಕ್ರವರ್ತಿ ಕಿನ್‌ಮೆಯಿಯ ಆಜ್ಞೆಯಂತೆ ಪೂಜೆ ಶುರುವಾದದ್ದು ಈ ಗುಹೆಯಲ್ಲಿ ಎಂಬುದು ಕ್ಷೇತ್ರದ ನಂಬಿಕೆ. ಒಕುತ್ಸುಮಿಯಾ ಇದಕ್ಕೆ ಪೂರಕವಾಗಿ ಬಂದದ್ದು: ನಾಲ್ಕನೆಯ ತಿಂಗಳಿಂದ ಹತ್ತನೆಯ ತಿಂಗಳವರೆಗೆ ಅಲೆ ಗುಹೆಯೊಳಕ್ಕೆ ನುಗ್ಗುತ್ತಿದ್ದರಿಂದ ದೇವರನ್ನು ಮೇಲಿನ ಆ ಗುಡಿಗೆ ತಂದಿಡುತ್ತಿದ್ದರು. ಮೊದಲ ಗುಹೆ 152 ಮೀಟರ್ ಆಳ, ಎರಡನೆಯದು 56 ಮೀಟರ್. ಪ್ರವೇಶಕ್ಕೆ 500 ಯೆನ್. ಒಳಗೆ ಒಂದೆಡೆ ಕೈಗೆ ಮೇಣದಬತ್ತಿ ಕೊಡುತ್ತಾರೆ. ಚಾವಣಿ ತಗ್ಗು, ಎತ್ತರದವರು ಬಗ್ಗಿಯೇ ನಡೆಯಬೇಕು. ನೆಲ ಒದ್ದೆಯಿರುತ್ತದೆ, ನುಣುಪು ಅಡಿಯ ಚಪ್ಪಲಿ ಬೇಡ. ಎರಡನೆಯ ಗುಹೆಯ ಕೊನೆಯಲ್ಲಿ ನಾಗನ ಪ್ರತಿಮೆ.

ಜನ ಸೋಲುವುದು ಇಲ್ಲೇ. 1971ರಲ್ಲಿ ಬಂಡೆ ಕುಸಿದು ಮುಚ್ಚಿದ ಗುಹೆ ಮತ್ತೆ ತೆರೆದದ್ದು 1993ರಲ್ಲಿ. ಈಗಲೂ ಅಲೆ ಜೋರಾದರೆ ಅಂದಂದಿಗೇ ಮುಚ್ಚುತ್ತಾರೆ, ಚಂಡಮಾರುತಕ್ಕೆ ದಾರಿ ಹಾಳಾಗಿ ತಿಂಗಳುಗಟ್ಟಲೆ ಮುಚ್ಚಿದ್ದೂ ಇದೆ. ಅಂಥ ದಿನ ಸೇತುವೆಯ ಬಳಿಯಿಂದ ಚಿಗೊಗಫುಚಿಗೆ ಬರುವ ಬೆಂತೆನ್ ದೋಣಿಯೂ ಓಡುವುದಿಲ್ಲ. ದೋಣಿಯಲ್ಲಿ ಹಿಂದಿರುಗಿದರಾಯಿತು ಎಂದು ಹಿರಿಯರನ್ನು ಕೆಳಕ್ಕಿಳಿಸಿದವರು ಅಷ್ಟೂ ಮೆಟ್ಟಿಲನ್ನು ಅವರಿಂದ ಮತ್ತೆ ಹತ್ತಿಸಬೇಕಾಗುತ್ತದೆ. ಆದ್ದರಿಂದ ದ್ವೀಪಕ್ಕೆ ಕಾಲಿಡುವಾಗಲೇ ಸೇತುವೆಯ ಬಳಿ ದೋಣಿ ಓಡುತ್ತಿದೆಯೇ ಎಂದು ನೋಡಿ. ಓಡುತ್ತಿದ್ದರೆ ಮೊದಲು ದೋಣಿಯಲ್ಲೇ ಗುಹೆಗೆ ಹೋಗುವುದೂ ಒಂದು ದಾರಿ, ಆದರೆ ಆಗ ಎಸ್ಕಲೇಟರಿನ ನೆರವಿಲ್ಲದೆ ಗುಡ್ಡ ಹತ್ತಬೇಕು. ಮಂಡಿನೋವಿನವರಿಗೆ ಎಸ್ಕಲೇಟರಿನಲ್ಲಿ ಏರಿ, ಮೂರೂ ಗುಡಿ ನೋಡಿ, ನಿಧಾನವಾಗಿ ಇಳಿದು, ದೋಣಿಯಲ್ಲಿ ಹಿಂದಿರುಗುವುದೇ ಸರಿ. ಗುಹೆ ಸಂಜೆ ಬೇಗ ಮುಚ್ಚುತ್ತದೆ, ಚಳಿಗಾಲದಲ್ಲಿ ಇನ್ನೂ ಬೇಗ. ಬೆಳಿಗ್ಗೆ ಹತ್ತರೊಳಗೆ ಸೇತುವೆ ದಾಟಿದರೆ ಒಟ್ಟು ಮೂರು ನಾಲ್ಕು ಗಂಟೆಯಲ್ಲಿ ಎಲ್ಲವೂ ಮುಗಿಯುತ್ತದೆ.

ಹದ್ದುಗಳ ಬಗ್ಗೆಯೂ ಹೇಳಲೇಬೇಕು. ತೊಂಬಿ ಎಂಬ ಈ ಹದ್ದು ಹಿಂದಿನಿಂದ ಸದ್ದಿಲ್ಲದೆ ಎರಗಿ ಕೈಯಲ್ಲಿರುವ ತಿಂಡಿಯನ್ನು ಕಿತ್ತುಕೊಂಡು ಹೋಗುತ್ತದೆ, ಉಗುರಿನಿಂದ ಗಾಯವಾಗುತ್ತದೆ. ಮಕ್ಕಳ ಕೈಗೆ ಬಯಲಿನಲ್ಲಿ ತಿಂಡಿ ಕೊಡಬೇಡಿ, ಸೂರಿನ ಕೆಳಗೆ ಗೋಡೆಗೆ ಬೆನ್ನು ಮಾಡಿ ಕೂತು ತಿನ್ನಿಸಿ. ಸಸ್ಯಾಹಾರಿಗಳಿಗೆ ದ್ವೀಪದಲ್ಲಿ ಊಟ ಕಷ್ಟ. ಹೆಸರುವಾಸಿಯಾದದ್ದು ಶಿರಾಸು ಎಂಬ ಪುಟ್ಟ ಮೀನಿನ ಅನ್ನ ಮತ್ತು ಆಕ್ಟೊಪಸ್ಸನ್ನು ಒತ್ತಿ ಸುಟ್ಟ ಹಪ್ಪಳ. ತರಕಾರಿ ನೂಡಲ್ಸ್ ಎಂದರೂ ಸಾರಿಗೆ ಒಣಮೀನಿನ ರಸ ಬಿದ್ದಿರುತ್ತದೆ. ಅಂಗಡಿ ಬೀದಿಯಲ್ಲಿ ಸಿಗುವ 'ಮಂಜೂ' ಎಂಬ ತಿನಿಸು, ಅಂದರೆ ಕೆಂಪು ಅಜುಕಿ ಕಾಳಿನ ಹೂರಣ ತುಂಬಿ ಹಬೆಯಲ್ಲಿ ಬೇಯಿಸಿದ್ದು, ನಮ್ಮ ಕಡುಬಿನ ಹಾಗೆ ಹೊಟ್ಟೆಗೂ ಹಿಡಿಯುತ್ತದೆ, ನಾಲಿಗೆಗೂ ಒಗ್ಗುತ್ತದೆ. ಬುತ್ತಿ ತಂದವರು ಕಸವನ್ನು ವಾಪಸ್ ಒಯ್ಯಲು ಒಂದು ಚೀಲವನ್ನೂ ತನ್ನಿ. ಗುಡಿಗಳಲ್ಲಿ ಬಳಸಲು ಚಿಲ್ಲರೆ ನಾಣ್ಯ ಇಟ್ಟುಕೊಳ್ಳಿ. ಪ್ರವೇಶ ದರಗಳು ಆಗಾಗ ಬದಲಾಗುತ್ತವೆ, ಹೊರಡುವ ಮುನ್ನ ಒಮ್ಮೆ ನೋಡಿಕೊಳ್ಳಿ.

ಸಮಯ ಉಳಿದವರು ವಾಪಸಾಗುವಾಗ ಮಾನೊರೈಲ್ ಹಿಡಿದು ನಿಶಿ-ಕಾಮಕುರಾದಲ್ಲಿ ಇಳಿಯಿರಿ. ಸ್ವಲ್ಪ ನಡೆದರೆ ರ್ಯೂಕೋ ಮ್ಯೋಜಿನ್, ಆ ಐದು ತಲೆಯ ನಾಗನ ಗುಡಿ. 1978ರಲ್ಲಿ ಹಳೆಯ ಜಾಗದಿಂದ ಇಲ್ಲಿಗೆ ಬಂತು. ದೇವಿಯ ದ್ವೀಪದಲ್ಲಿ ಸರದಿ ನಿಂತ ಜನರಲ್ಲಿ ನೂರಕ್ಕೊಬ್ಬರೂ ಇತ್ತ ಬರುವುದಿಲ್ಲ. ನಮ್ಮ 60 ಸಂವತ್ಸರಗಳ ಹಾಗೆ ಅಲ್ಲಿಯೂ 60 ವರ್ಷದ ಚಕ್ರವಿದೆ. ಅದರಲ್ಲಿ ಬರುವ ಒಂದು ಸರ್ಪ ವರ್ಷದಲ್ಲಿ ನಾಗನನ್ನು ದ್ವೀಪಕ್ಕೆ ಕರೆದೊಯ್ದು ದೇವಿಯ ಜತೆ ಕೂಡಿಸುವ ಉತ್ಸವ ನಡೆಯುತ್ತದೆ.

ಕೊನೆಯದಾಗಿ ಒಂದು ಕೋರಿಕೆ. ನಿಮ್ಮ ಬರಹದ ಜತೆ ಅಚ್ಚಾದ ಚಿತ್ರಕ್ಕೆ 'ಸರಸ್ವತಿಯ ಗರ್ಭಗುಡಿ' ಎಂದು ಅಡಿಬರಹವಿದೆ. ಅದು ಹೆತ್ಸುಮಿಯಾ, ತಾಗಿತ್ಸುಹಿಮೆಯ ಗುಡಿ. ಬೆಂಜೈತೆನ್ ಇರುವುದು ಚಿತ್ರದ ಎಡ ಅಂಚಿನಲ್ಲಿ ಅರ್ಧ ಮಾತ್ರ ಕಾಣುತ್ತಿರುವ ಮಂಟಪದಲ್ಲಿ. ಜಾಲತಾಣದಲ್ಲಿರುವ ಪ್ರತಿಯಲ್ಲಿ ಈ ಅಡಿಬರಹವನ್ನು ತಿದ್ದಿ, ಹೋಆನ್‌ದೆನ್ ಎಂಬ ಹೆಸರನ್ನೂ ಸೇರಿಸಿ. ಅಲ್ಲಿಗೆ ಹೋದವರು ಕನ್ನಡ ಅಕ್ಷರದಲ್ಲೇ ಓದಿಕೊಂಡು ದಾರಿ ಕೇಳಲು ಅನುಕೂಲವಾಗುತ್ತದೆ.

ಇತಿ,
ಯೊಕೊಹಾಮಾದ ಕನ್ನಡಿಗ ಓದುಗರು